ಸರದಿ ಪಟ್ಟಿಯ ಬೇಸಿಗೆ

ಹೋದ ತಿಂಗಳು ಶಿಕಾರಿಪುರದ ಕಾಲೇಜೊಂದರಲ್ಲಿ ಮಾತಾಡಲು ಕರೆದಿದ್ದರು. ವಿಷಯವನ್ನೂ ಅವರೇ ಕೊಟ್ಟಿದ್ದರು: ವೆಬ್ ಅಪ್ಲಿಕೇಶನ್ ಕಟ್ಟಲು ಭದ್ರವೂ ಆಗಿರುವ, ಕೆಲಸವೂ ಬೇಗ ಸಾಗುವ ವೇದಿಕೆಯನ್ನು ಆರಿಸಿಕೊಳ್ಳುವುದು ಹೇಗೆ. ಇಷ್ಟು ವರ್ಷ ಅದನ್ನೇ ಮಾಡಿಕೊಂಡು, ಅದನ್ನೇ ಪಾಠ ಹೇಳಿಕೊಂಡು ಬಂದವಳಾದ್ದರಿಂದ ತಯಾರಿ ಬೇಕಾಗಲಿಲ್ಲ. ಮಾತು ಮುಗಿದ ಮೇಲೆ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, "ಮೇಡಂ, ನೀವು ಮೊಟ್ಟಮೊದಲು ಯಾವುದನ್ನ ಆರಿಸಿದ್ರಿ? ಅದು ಸರಿಯಾಗಿತ್ತಾ?" ಎಂದು ಕೇಳಿದಳು. ಬೇಗ ಆಗುವುದನ್ನು ಆರಿಸಿದ್ದೆ, ಆಮೇಲೆ ಬದಲಾಯಿಸಬೇಕಾಯಿತು ಎಂದೆ. ಸುಳ್ಳೇನಲ್ಲ. ಎಲ್ಲರೂ ನಕ್ಕು ಊಟಕ್ಕೆ ಎದ್ದರು.

ವಾಪಸು ಬರುವಾಗ ಶಿರಾಳಕೊಪ್ಪದ ರಸ್ತೆಯಲ್ಲಿ ಬಸ್ಸಿನ ಕಿಟಕಿಯಿಂದ ಒಂದು ವಾಸನೆ ಬಂತು. ಬಿರಿದ ಗದ್ದೆಗೆ ಆಗಷ್ಟೇ ನೀರು ಬಿಟ್ಟ ವಾಸನೆ. ಬಿಸಿ ಮಣ್ಣು, ಪಾಚಿ, ಸ್ವಲ್ಪ ಸಗಣಿ. ಆ ಹುಡುಗಿಗೆ ಹೇಳದೆ ಬಿಟ್ಟ ಭಾಗ ಆ ವಾಸನೆಯಲ್ಲಿತ್ತು. ಅದನ್ನು ಇಲ್ಲಿ ಬರೆಯುತ್ತಿದ್ದೇನೆ.

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನನಗೆ ಇಪ್ಪತ್ತಾರು. ಶಿಕಾರಿಪುರದಲ್ಲಿ ಬಿತ್ತನೆ ಬೀಜದ ಅಂಗಡಿಯ ಮಹಡಿ ಮೇಲೆ ಕಂಪ್ಯೂಟರ್ ತರಬೇತಿ ಕೇಂದ್ರವೊಂದಿತ್ತು. ಅಲ್ಲಿ ನಾನೇ ಪಾಠ ಹೇಳುವವಳು, ನಾನೇ ಯಂತ್ರ ರಿಪೇರಿ ಮಾಡುವವಳು, ಬೆಳಿಗ್ಗೆ ಕಸ ಗುಡಿಸುವವಳೂ ನಾನೇ. ಊರಿನವರು ನನ್ನನ್ನು ಕಂಪ್ಯೂಟರ್ ಅಕ್ಕೋರು ಎನ್ನುತ್ತಿದ್ದರು. ಕೆಳಗಿನ ಅಂಗಡಿಯ ಗೊಬ್ಬರದ ನಾತ ಮೇಲಕ್ಕೆ ಬರುತ್ತಿತ್ತು. ಮೇಲಿನ ಪ್ರಿಂಟರಿನ ಕಿರಿಕಿರಿ ಕೆಳಕ್ಕೆ ಹೋಗುತ್ತಿತ್ತು. ಹಾಗಾಗಿ ಇಬ್ಬರೂ ಒಬ್ಬರ ಮೇಲೊಬ್ಬರು ದೂರು ಹೇಳುವಂತಿರಲಿಲ್ಲ.

ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳ ಗಡಿಯಲ್ಲಿ ಒಂದು ದೊಡ್ಡ ಕೆರೆ. ಅದರ ಕೆಳಗಿನ ಗದ್ದೆಗಳು ಎರಡೂ ತಾಲ್ಲೂಕಿಗೆ ಹಂಚಿಹೋಗಿದ್ದವು. ಬೇಸಿಗೆ ಭತ್ತಕ್ಕೆ ಯಾರಿಗೆ ಯಾವ ದಿನ ನೀರು ಎಂಬ ಸರದಿ ಪಟ್ಟಿಯನ್ನು ರೈತರ ಸಂಘ ಬರೆಯುತ್ತಿತ್ತು. ಸಂಘಕ್ಕೆ ಶಿಕಾರಿಪುರದಲ್ಲೊಂದು ಕೋಣೆ, ಸೊರಬದಲ್ಲೊಂದು ಕೋಣೆ. ಪಟ್ಟಿ ಬಸ್ಸಿನಲ್ಲಿ ಓಡಾಡುತ್ತಿತ್ತು. ಇಲ್ಲಿ ಮಾಡಿದ ತಿದ್ದುಪಡಿ ಅಲ್ಲಿಗೆ ಮುಟ್ಟುವುದರೊಳಗೆ ಅಲ್ಲಿ ಇನ್ನೊಂದು ತಿದ್ದುಪಡಿ ಆಗಿರುತ್ತಿತ್ತು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎನ್ನುವ ಹಾಗೆ.

ಸಂಘದ ಅಧ್ಯಕ್ಷರು ಮಹಾಲಿಂಗಪ್ಪನವರು, ನಿವೃತ್ತ ಇಂಜಿನಿಯರ್. ಬ್ರೌಸರ್ ಎಂಬುದರ ಬಗ್ಗೆ ಎಲ್ಲೋ ಓದಿಕೊಂಡು ಒಂದು ದಿನ ಮಹಡಿ ಹತ್ತಿ ಬಂದರು. "ಪಟ್ಟಿ ನಿಮ್ಮ ಯಂತ್ರದಾಗ ಇರ್ಲಿ. ಸೊರಬದವರು ಫೋನ್ ಹಚ್ಚಿ ಅಲ್ಲಿಂದಲೇ ನೋಡ್ಲಿ, ಅಲ್ಲಿಂದಲೇ ತಿದ್ಲಿ. ಆಗ್ತೈತೇನ್ರಿ?" ಎಂದರು. ಆಗುತ್ತದೆ ಎಂದೆ. ಆಗುತ್ತದೋ ಇಲ್ಲವೋ ನನಗೆ ಗೊತ್ತಿರಲಿಲ್ಲ. ಆ ವಯಸ್ಸಿನಲ್ಲಿ ಹಾಗೆ ಹೇಳಿಬಿಟ್ಟು ಆಮೇಲೆ ಕಲಿಯುವುದೇ ರೂಢಿ.

ಇಂಥ ಪುಟ ಕಟ್ಟುವ ವೇದಿಕೆಗಳ ಎರಡು ಸಿಡಿಗಳು ನನ್ನ ಬಳಿ ಇದ್ದವು. ಒಂದರಲ್ಲಿ ಚೌಕಗಳನ್ನು ಎಳೆದು ಪುಟದ ಮೇಲೆ ಇಟ್ಟರೆ ಸಾಕು, ಪುಟ ತಾನಾಗಿ ಸಿದ್ಧವಾಗುತ್ತಿತ್ತು. ಹದಿನೈದು ದಿನದ ಕೆಲಸ. ಆದರೆ ಅದರಲ್ಲಿ ಎಲ್ಲರಿಗೂ ಸೇರಿ ಒಂದೇ ಪಾಸ್‌ವರ್ಡ್, ಯಾರು ಏನು ತಿದ್ದಿದರು ಎಂಬ ಗುರುತು ಉಳಿಯುತ್ತಿರಲಿಲ್ಲ. ಇನ್ನೊಂದು ಒಂದು ಪತ್ರಿಕೆಯ ಜೊತೆ ಪುಕ್ಕಟೆ ಬಂದದ್ದು. ಅದರಲ್ಲಿ ಪ್ರತಿಯೊಂದು ಸಾಲನ್ನೂ ಕೈಯಾರೆ ಬರೆಯಬೇಕು. ಮೂರು ತಿಂಗಳಾದರೂ ಬೇಕು. ಅದರ ಗುಣವೆಂದರೆ ಒಬ್ಬೊಬ್ಬರಿಗೂ ಬೇರೆ ಬೇರೆ ಪಾಸ್‌ವರ್ಡ್ ಇಡಬಹುದು, ಯಾರು ಯಾವ ಹೊತ್ತಿಗೆ ಏನು ಬದಲಾಯಿಸಿದರು ಎಂದು ಅಳಿಸಲಾಗದ ಹಾಗೆ ಬರೆದಿಡಿಸಬಹುದು.

ಸಂಕ್ರಾಂತಿಯ ಮರುವಾರ ಸಂಘದ ಕೋಣೆಯಲ್ಲಿ ಕೂತು ಇದನ್ನೆಲ್ಲ ವಿವರಿಸಿದೆ. ಮಹಾಲಿಂಗಪ್ಪನವರು ಕುರ್ಚಿಯಲ್ಲಿ, ನಾನು ಎದುರಿಗೆ, ಬಾಗಿಲ ಹೊಸ್ತಿಲ ಮೇಲೆ ನೀರುಗಂಟಿ ಚೌಡಪ್ಪ. ತೂಬು ತಿರುಗಿಸಿ ಗದ್ದೆಗೆ ನೀರು ಬಿಡುವುದು ಅವನ ಕೆಲಸ. ಅವನ ಅಪ್ಪನದೂ ಅದೇ ಕೆಲಸವಾಗಿತ್ತು. ತೂಬು ತಿರುಗಿಸುವ ಕಬ್ಬಿಣದ ಹಿಡಿಕೆಯನ್ನು ಎಲ್ಲರೂ ಕೀಲಿ ಎನ್ನುತ್ತಿದ್ದರು. ಅದನ್ನು ಅವನು ಮಗುವಿನ ಹಾಗೆ ಮಡಿಲಲ್ಲಿ ಇಟ್ಟುಕೊಂಡು ಕೂರುತ್ತಿದ್ದ. ಅವನದೊಂದು ಕಟ್ಟುನಿಟ್ಟಿತ್ತು. ಒಬ್ಬನೇ ಇದ್ದಾಗ ತೂಬು ಮುಟ್ಟುತ್ತಿರಲಿಲ್ಲ. ಮೇಲ್ಗದ್ದೆಯವರೊಬ್ಬರು, ಕೆಳಗದ್ದೆಯವರೊಬ್ಬರು ಏರಿಯ ಮೇಲೆ ಬಂದು ನಿಂತರೆ ಮಾತ್ರ ಕೀಲಿ ತಿರುಗಿಸುತ್ತಿದ್ದ.

"ಯಾರು ತಿದ್ದಿದ್ರು ಅಂತ ನಿಮ್ಮ ಯಂತ್ರ ನೆನಪಿಟ್ಕಂತದಾ ಅಕ್ಕೋರೆ?" ಎಂದು ಕೇಳಿದವನು ಅವನೊಬ್ಬನೇ.

ಒಂದರಲ್ಲಿ ಇಲ್ಲ, ಇನ್ನೊಂದರಲ್ಲಿ ಇದೆ, ಆದರೆ ತಡವಾಗುತ್ತದೆ ಎಂದೆ.

"ನಮ್ಮ ಸಂಘದಾಗ ಕಳ್ಳರು ಯಾರದಾರೋ ಚೌಡಪ್ಪ?" ಎಂದು ಅಧ್ಯಕ್ಷರು ನಕ್ಕರು.

"ಕಳ್ಳರ ಸಲುವಾಗಿ ಅಲ್ರೀ ಸಾಹೇಬ್ರೆ. ಕಳ್ಳ ಹೆಂಗಾರ ಕದೀತಾನೆ. ನಾನು ಇಬ್ರನ್ನ ಕರದು ನಿಲ್ಸೋದು ನನ್ನ ಸಲುವಾಗಿ. ನಾಳೆ ಯಾರಾದ್ರೂ ಕೇಳಿದ್ರೆ, ಇಂವ ಮಾಡಿಲ್ಲ ಅನ್ನಾಕೆ ಒಬ್ರು ಬೇಕಲ್ರೀ."

ಭದ್ರತೆಯ ಬಗ್ಗೆ ಆಮೇಲೆ ನಾನು ಎಷ್ಟೋ ಓದಿದ್ದೇನೆ. ಇಷ್ಟು ಸರಿಯಾಗಿ ಹೇಳಿದವರು ಕಡಿಮೆ. ಆದರೆ ಆ ದಿನ ನನಗೆ ಕಂಡದ್ದು ಶಿವರಾತ್ರಿಯ ಮಾರನೇ ದಿನದ ಸಂಘದ ಸಭೆ. ಇನ್ನೂರು ಜನರ ಎದುರು ಪರದೆಯ ಮೇಲೆ ಪಟ್ಟಿ ಮೂಡಿಸಿ ತೋರಿಸಬೇಕು, ಅವರು ಬಾಯಿ ಬಿಟ್ಟುಕೊಂಡು ನೋಡಬೇಕು. "ಸದ್ಯಕ್ಕೆ ಮೊದಲನೆಯದೇ ಸಾಕು" ಎಂದೆ. ಅಧ್ಯಕ್ಷರು ನಾನು ಹೇಳಿದ್ದಕ್ಕೆ ತಲೆಯಾಡಿಸಿದರು ಅಷ್ಟೇ. ಆಯ್ಕೆ ನನ್ನದು.

ಸಭೆಯಲ್ಲಿ ಜನ ಬಾಯಿ ಬಿಟ್ಟುಕೊಂಡೇ ನೋಡಿದರು. ಪಾಸ್‌ವರ್ಡನ್ನು ಗುಟ್ಟಾಗಿಡಬೇಕು ಎಂದು ನಾನು ಹೇಳಿದ್ದನ್ನು ಮಾತ್ರ ಯಾರೂ ಒಪ್ಪಲಿಲ್ಲ. ಸಂಘದ್ದು ಎಲ್ಲವೂ ಕೋಣೆಯ ಕರಿಹಲಗೆಯ ಮೇಲೆ ಇರಬೇಕು, ಇಲ್ಲದಿದ್ದರೆ ಏನೋ ಮುಚ್ಚಿಡುತ್ತಿದ್ದಾರೆ ಎಂದು ಜನ ತಿಳಿಯುತ್ತಾರೆ ಎಂಬುದು ಅಲ್ಲಿನ ಪದ್ಧತಿ. ಗುಮಾಸ್ತ ಅದನ್ನು ಸೀಮೆಸುಣ್ಣದಲ್ಲಿ ದಪ್ಪಗೆ ಬರೆದು ಕೆಳಗೊಂದು ಗೆರೆಯನ್ನೂ ಎಳೆದ. ಇನ್ನೊಂದು ನಿರ್ಧಾರವೂ ಅವತ್ತೇ ಆಯಿತು. ಕಂಪ್ಯೂಟರ್ ಪಟ್ಟಿ ಇರುವಾಗ ಇಬ್ಬರು ರೈತರು ಕೆಲಸ ಬಿಟ್ಟು ಏರಿಯ ಮೇಲೆ ಯಾಕೆ ನಿಲ್ಲಬೇಕು? ಪಟ್ಟಿಯ ಪ್ರಕಾರ ಚೌಡಪ್ಪನೇ ತಿರುಗಿಸಲಿ. ಚೌಡಪ್ಪ ಒಪ್ಪಿಗೆ ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ. ಅವನನ್ನು ಯಾರೂ ಕೇಳಿರಲಿಲ್ಲ.

ಪುಟದಲ್ಲಿ ನಾನು ಒಂದು ಅನುಕೂಲ ಮಾಡಿದ್ದೆ. ಆ ಕಡೆಯ ರೈತರಲ್ಲಿ ಸರದಿಯನ್ನು ಮುಯ್ಯಿ ಕೊಡುವ ರೂಢಿ ಇತ್ತು. ಈ ಸಲ ನನಗೆ ಬೇಡ, ನೀನು ಬಿಟ್ಟುಕೋ; ಮುಂದೆ ನನಗೆ ಬೇಕಾದಾಗ ನೀನು ಕೊಡು. ಅದಕ್ಕಾಗಿ ಪ್ರತಿ ದಿನದ ಎದುರಿಗೂ ಹೆಸರುಗಳ ಒಂದು ಪಟ್ಟಿ ಇಳಿಯುವಂತೆ ಇಟ್ಟಿದ್ದೆ. ಯಾರ ಹೆಸರನ್ನು ಒತ್ತಿದರೂ ಆ ದಿನ ಅವರದಾಗುತ್ತಿತ್ತು. ಒಂದೇ ಹೆಸರು ಎರಡು ಕಡೆ ಬಂದರೆ ಮುಯ್ಯಿ ಎಂದು ತಿಳಿದುಕೊಳ್ಳುತ್ತಿದ್ದೆವು.

ಯುಗಾದಿ ಕಳೆದು ಸೆಖೆ ಏರಿತ್ತು. ಸೊರಬದ ಕೋಣೆಯನ್ನು ನೋಡಿಕೊಳ್ಳುತ್ತಿದ್ದ ಗಣಪತಿ ಮಾಸ್ತರರು ಫೋನ್ ಮಾಡಿದರು. ಅವರು ಪಕ್ಕದಲ್ಲೇ ಟೈಪಿಂಗ್ ಶಾಲೆ ನಡೆಸುತ್ತಿದ್ದರು. "ಎಂತ ಮಾರಾಯ್ರೆ, ರೈತರ ಹೆಸರೆಲ್ಲ ಇರುವೆ ಸಾಲು ಹೋದಾಂಗೆ ಕಾಣ್ತದೆ. ಒಂದೂ ಓದುಕಾಗ್ತಿಲ್ಲ" ಎಂದರು. ಅಲ್ಲಿನ ಯಂತ್ರದಲ್ಲಿ ಕನ್ನಡ ಅಕ್ಷರಗಳ ಫಾಂಟ್ ಅಳಿಸಿಹೋಗಿತ್ತು. ಫ್ಲಾಪಿ ಹಿಡಿದು ಬಸ್ಸು ಹತ್ತಿದೆ.

ಶಿಕಾರಿಪುರದ ಧೂಳಿನಿಂದ ಸೊರಬಕ್ಕೆ ಹೋಗಿ ಇಳಿದರೆ ಗಾಳಿಯೇ ಬೇರೆ. ಚಂದ್ರಗುತ್ತಿಯ ಕಡೆಯಿಂದ ಮಧ್ಯಾಹ್ನವೂ ಸ್ವಲ್ಪ ತಂಪು ಬೀಸುತ್ತಿತ್ತು. ಮಾಸ್ತರರು ನನ್ನನ್ನು ಯಂತ್ರದ ಮುಂದೆ ಕೂರಿಸಿ ತರಗತಿಗೆ ಹೋದರು. ಗೋಡೆಯಾಚೆ ಹತ್ತು ಹನ್ನೆರಡು ಟೈಪ್‌ರೈಟರುಗಳು ಒಟ್ಟಿಗೆ ಬಡಿಯುತ್ತಿದ್ದವು. ಫಾಂಟ್ ಹಾಕಿದೆ, ಹೆಸರುಗಳು ಹೆಸರುಗಳಾದವು. ಇಲ್ಲಿ ತಿದ್ದಿದ್ದು ಅಲ್ಲಿಗೆ ಹೋಗುತ್ತದೋ ನೋಡೋಣ ಎಂದು ಪಟ್ಟಿಯ ಕೊನೆಯ ಸಾಲನ್ನು ತೆರೆದೆ. ಅದು ಕೆಳಗದ್ದೆಯ ಹನುಮಮ್ಮನದು. ಇಳಿದ ಹೆಸರುಗಳಲ್ಲಿ ಮೊದಲನೆಯದನ್ನು ಒತ್ತಿದೆ. ತೂಬಿಗೆ ಹತ್ತಿರದ ಗದ್ದೆಯ ಸಿದ್ದಪ್ಪ. ಉಳಿಸು ಎಂಬ ಗುಂಡಿ ಒತ್ತಿದ ಕೂಡಲೇ ಫೋನ್ ಲೈನ್ ಕಡಿಯಿತು. ನಾಲ್ಕೈದು ಸಲ ಮತ್ತೆ ಹಚ್ಚಿದೆ. ಮೋಡೆಮ್ ಕಿರುಚಿ ಕಿರುಚಿ ಸುಮ್ಮನಾಯಿತು. ಅಷ್ಟರಲ್ಲಿ ಬಸ್ಸಿನ ಹೊತ್ತಾಯಿತು. ಲೈನೇ ಹೋದ ಮೇಲೆ ತಿದ್ದಿದ್ದೂ ಹೋಗಿರುತ್ತದೆ ಎಂದುಕೊಂಡು ಎದ್ದೆ. ಆಮೇಲೆ ಅದು ನೆನಪಿಗೂ ಬರಲಿಲ್ಲ.

ಮೂರು ದಿನದ ಮೇಲೆ ಚೌಡಪ್ಪ ಮಹಡಿ ಹತ್ತಿ ಬಂದ. ಅವನು ಅಲ್ಲಿಗೆ ಬಂದದ್ದು ಅದೇ ಮೊದಲು. ಚಪ್ಪಲಿಯನ್ನು ಮೆಟ್ಟಿಲ ಕೆಳಗೇ ಬಿಟ್ಟಿದ್ದ. ಕೈಯಲ್ಲಿ ಸಂಘದವರು ಕೊಟ್ಟ ಮುದ್ರಿಸಿದ ಪಟ್ಟಿ.

"ಅಕ್ಕೋರೆ, ನಾಳಿನ ನೀರು ಹನುಮಮ್ಮಂದಲ್ವಾ? ಇದ್ರಾಗ ನಮ್ಮ ಸಿದ್ದಪ್ಪನ ಹೆಸರೈತೆ ಅಂತಾರೆ. ಒಂದ್ಸಲ ನೋಡ್ರಿ."

ನೋಡಿದೆ. ಕಾಗದವನ್ನು ಪರದೆಯ ಪಕ್ಕಕ್ಕೆ ಹಿಡಿದು ಸಾಲು ಸಾಲಾಗಿ ತಾಳೆ ಹಾಕಿದೆ. ಎರಡೂ ಒಂದೇ ಆಗಿತ್ತು.

"ಸರಿಯಾಗಿದೆ. ಅವರು ಮುಯ್ಯಿ ಕೊಟ್ಟಿರಬೇಕು" ಎಂದೆ.

"ಈಗಾ? ಭತ್ತ ಹೊಡೆ ಕಟ್ಟೈತೆ ಅಕ್ಕೋರೆ, ತೆನೆ ಬರೋ ಹೊತ್ತು. ಈಗ ಯಾರು ನೀರು ಬಿಟ್ಕೊಡ್ತಾರೆ? ಆಯಮ್ಮ ಮಗಳ ಬಾಣಂತನಕ್ಕೆ ಅಂತ ಚಂದ್ರಗುತ್ತಿಗೆ ಹೋಗ್ಯಾಳೆ. ಕೇಳಾಣ ಅಂದ್ರೆ ಊರಾಗಿಲ್ಲ."

"ಸೊರಬದ ಕಚೇರಿಯಲ್ಲಿ ಹೇಳಿ ಹೋಗಿರಬಹುದು. ಪಟ್ಟಿ ತಪ್ಪಾಗಲ್ಲ ಚೌಡಪ್ಪ."

ಅವನು ಪಟ್ಟಿಯನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಜೇಬಿಗೆ ಇಟ್ಟುಕೊಂಡ. ತಪ್ಪನ್ನು ಅದೇ ತಪ್ಪಿನ ಜೊತೆ ತಾಳೆ ಹಾಕಿ ಸರಿ ಎಂದವಳು ನಾನು. ಇದನ್ನು ಈಗಲೂ ಪಾಠದಲ್ಲಿ ಹೇಳುತ್ತೇನೆ, ಬೇರೆ ಯಾರದೋ ಕತೆ ಎನ್ನುವ ಹಾಗೆ.

ಭತ್ತದ ಹೊಡೆ ಬಿಚ್ಚುವ ಹೊತ್ತಿಗೆ ನೀರು ತಪ್ಪಿದರೆ ತೆನೆ ಹೊರಬರುತ್ತದೆ, ಕಾಳು ಕಟ್ಟುವುದಿಲ್ಲ. ಹನುಮಮ್ಮ ವಾಪಸು ಬರುವಷ್ಟರಲ್ಲಿ ಅವಳ ಗದ್ದೆಯಲ್ಲಿ ಬೆರಳು ತೂರುವಷ್ಟು ಬಿರುಕು. ಪಕ್ಕದ ಗದ್ದೆಗಳೆಲ್ಲ ಹಸಿರು, ಅವಳದು ಮಾತ್ರ ಬಿಳಿಚಿಕೊಂಡು ನಿಂತಿತ್ತು. ಅವಳು ಮುಯ್ಯಿ ಕೊಟ್ಟಿರಲಿಲ್ಲ, ಸೊರಬದಲ್ಲಿ ಯಾರಿಗೂ ಏನೂ ಹೇಳಿರಲಿಲ್ಲ. ಪಟ್ಟಿಯಲ್ಲಿ ಅವಳ ಬದಲು ಇದ್ದ ಸಿದ್ದಪ್ಪ ಚೌಡಪ್ಪನ ಹೆಂಡತಿಯ ತಮ್ಮ. ಊರಿಗೆ ಇಷ್ಟು ಸಾಕಾಯಿತು.

ಕೆರೆಯ ಏರಿಯ ಕೆಳಗೆ ಆಲದ ಮರದಡಿ ಸಭೆ ಸೇರಿತು. ಪಾಸ್‌ವರ್ಡ್ ಹಲಗೆ ಮೇಲಿತ್ತು, ಯಾರ ಕೈಯಲ್ಲಾದರೂ ತಿದ್ದಿಸಬಹುದಿತ್ತು, ಕೀಲಿ ಇದ್ದದ್ದು ಚೌಡಪ್ಪನ ಕೈಯಲ್ಲಿ, ಜೊತೆಗೆ ನಿಂತವರು ಯಾರೂ ಇರಲಿಲ್ಲ. "ಅಕ್ಕೋರನ್ನ ಕೇಳೇ ತಿರುಗಿಸ್ದೆ" ಎಂದ ಅವನು. ಹೌದು, ಕೇಳಿದ್ದ ಎಂದೆ. "ತಾನೇ ತಿದ್ಸಿ ಆಮೇಲೆ ಕೇಳಾಕೆ ಹೋದ್ರೆ ಯಾರಿಗೆ ತಿಳೀತದೆ?" ಎಂದು ಗುಂಪಿನಲ್ಲಿ ಯಾರೋ ಅಂದರು.

ಮಹಾಲಿಂಗಪ್ಪನವರು ನನ್ನ ಕಡೆ ತಿರುಗಿದರು. "ಯಾರು ತಿದ್ಯಾರೆ ಅಂತ ಹೇಳಾಕೆ ಬರ್ತದೇನ್ರಿ?"

"ಇದರಲ್ಲಿ ಗೊತ್ತಾಗಲ್ಲ ಸರ್" ಎಂದೆ.

ಆ ಮಾತು ಬಾಯಿಂದ ಹೊರಟು ಮುಗಿಯುವುದರೊಳಗೆ ನನಗೆ ಸೊರಬದ ಆ ಮಧ್ಯಾಹ್ನ ನೆನಪಾಯಿತು. ಗೋಡೆಯಾಚೆಯ ಟೈಪ್‌ರೈಟರುಗಳು, ಕೊನೆಯ ಸಾಲು, ಮೊದಲ ಹೆಸರು. ಲೈನ್ ಕಡಿಯುವ ಮೊದಲೇ ನನ್ನ ತಿದ್ದುಪಡಿ ಉಳಿದುಬಿಟ್ಟಿತ್ತು. ಅಲ್ಲೇ ಹೇಳಬಹುದಿತ್ತು. ನಾಲ್ಕು ಮಾತಿನ ಕೆಲಸ. ಹೇಳಲಿಲ್ಲ. ಹೆದರಿದೆ. ಇದಕ್ಕಿಂತ ದೊಡ್ಡ ಕಾರಣವನ್ನು ಎಷ್ಟೋ ವರ್ಷ ಹುಡುಕಿದ್ದೇನೆ, ಸಿಕ್ಕಿಲ್ಲ. ನಾನು ಆರಿಸಿದ ವೇದಿಕೆ ಯಾರನ್ನೂ ನೆನಪಿಟ್ಟುಕೊಳ್ಳುತ್ತಿರಲಿಲ್ಲ. ಅವತ್ತು ಅದರಿಂದ ಪಾರಾದವಳು ನಾನೊಬ್ಬಳೇ.

ಆಣೆ ಮಾಡಲಿ ಎಂದರು. ತೂಬಿನ ಪಕ್ಕ ಗಂಗಮ್ಮನ ಕಲ್ಲಿದೆ. ಚೌಡಪ್ಪ ಕಾಲುವೆಗೆ ಇಳಿದು ಬೊಗಸೆಯಲ್ಲಿ ನೀರು ತಂದು ಕಲ್ಲಿನ ಮುಂದೆ ನಿಂತ. "ಪಟ್ಟಿ ನಾನು ಮುಟ್ಟಿಲ್ಲ. ಯಾರ ಕೈಲೂ ಮುಟ್ಸಿಲ್ಲ. ಮುಟ್ಟಿದ್ರೆ ಈ ನೀರು ನನಗೆ ದಕ್ಕದೇ ಹೋಗ್ಲಿ" ಎಂದು ಹೇಳಿ ಕುಡಿದ. ಗದ್ದಕ್ಕೆ ಇಳಿದ ನೀರನ್ನು ಒರೆಸಿಕೊಳ್ಳಲಿಲ್ಲ. ಕೆಲವರು ಕೈ ಮುಗಿದರು. ಸಾಕು, ಮುಗೀತು, ಹೋಗಿ ತೂಬು ನೋಡ್ಕೋ ಎಂದರು ಅಧ್ಯಕ್ಷರು. ಆದರೆ ಅವನು ಕೀಲಿಯನ್ನು ಅವರ ಕಾಲ ಬಳಿ ಇಟ್ಟ.

"ಬ್ಯಾರೇರಿಗೆ ಕೊಡ್ರಿ ಸಾಹೇಬ್ರೆ. ಇವತ್ತು ಆಣೆ ಕೇಳಿದ್ರಿ, ಮಾಡ್ದೆ. ಇನ್ಮೇಲೆ ಯಾರ ಗದ್ದೆ ಒಣಗಿದ್ರೂ ನನ್ನ ಮುಖ ನೋಡ್ತೀರಿ."

ಎಷ್ಟು ಹೇಳಿದರೂ ತಿರುಗಿ ಮುಟ್ಟಲಿಲ್ಲ.

ಆ ವಾರವೇ ಎರಡನೆಯ ಸಿಡಿ ಹೊರಗೆ ತೆಗೆದೆ. ಮೂರು ತಿಂಗಳ ಕೆಲಸಕ್ಕೆ ಕೂತೆ. ಪ್ರತಿಯೊಬ್ಬರಿಗೂ ಅವರವರ ಪಾಸ್‌ವರ್ಡ್, ಪ್ರತಿ ಬದಲಾವಣೆಗೂ ಹೆಸರು ಮತ್ತು ಹೊತ್ತು. ಲೋಡ್ ಶೆಡ್ಡಿಂಗ್ ನಡುವೆ ಬೆವರು ಸುರಿಸಿಕೊಂಡು ಬರೆಯುತ್ತಿದ್ದರೆ ಏನೋ ಪರಿಹಾರ ಮಾಡುತ್ತಿದ್ದೇನೆ ಎನಿಸುತ್ತಿತ್ತು. ಆ ಭಾವನೆ ಚೆನ್ನಾಗಿಯೇ ಇತ್ತು. ಅದನ್ನು ಹೇಳಿಕೊಳ್ಳಲು ಒಂದು ಬೆಳಿಗ್ಗೆ ಚೌಡಪ್ಪನ ಮನೆಗೆ ಹೋದೆ. ಅವನು ಅಂಗಳದಲ್ಲಿ ಕುಕ್ಕರಗಾಲಿನಲ್ಲಿ ಕೂತು ಬುಟ್ಟಿಗೆ ಸಗಣಿ ಬಳಿಯುತ್ತಿದ್ದ.

ಇನ್ನು ಮೇಲೆ ಯಾರು ತಿದ್ದಿದರೂ ಹೆಸರು ಸಿಗುತ್ತದೆ ಎಂದೆ.

"ಹಿಂದಿಂದು ಸಿಗ್ತದಾ?"

"ಇಲ್ಲ."

ಅವನು ಬುಟ್ಟಿ ತಿರುಗಿಸಿಕೊಂಡ. ಆಗ ಹೇಳಿದೆ. ಸೊರಬಕ್ಕೆ ಹೋದದ್ದು, ಫಾಂಟು, ಲೈನ್ ಕಡಿದದ್ದು, ಎಲ್ಲ. ನಿಂತುಕೊಂಡೇ ಹೇಳಿದೆ. ಅವನ ಕೈ ಒಂದು ಗಳಿಗೆ ನಿಂತಿತು, ಮತ್ತೆ ಬಳಿಯತೊಡಗಿತು. ಬೈಯುತ್ತಾನೆ ಅಥವಾ ಹೋಗ್ಲಿ ಬಿಡ್ರಿ ಎನ್ನುತ್ತಾನೆ, ಎರಡರಲ್ಲಿ ಒಂದು ಎಂದುಕೊಂಡಿದ್ದೆ.

"ನನಗ್ಯಾಕೆ ಹೇಳ್ತೀರಿ ಅಕ್ಕೋರೆ?" ಎಂದ. "ನಾನು ಮಾಡಿಲ್ಲ ಅಂತ ನನಗೆ ಗೊತ್ತೈತೆ. ಗೊತ್ತಿಲ್ದೋರಿಗೆ ಹೇಳ್ರಿ. ಹನುಮಮ್ಮನ ಮನೆ ಅಲ್ಲೇ ಕೆಳಗೈತೆ."

ಅವಳ ಮನೆಗೆ ಆ ದಿನ ಹೋಗಲಿಲ್ಲ. ಹೋಗಲು ಇಪ್ಪತ್ತು ದಿನ ಹಿಡಿಯಿತು. ಅಷ್ಟರಲ್ಲಿ ಒಕ್ಕಣೆ ಶುರುವಾಗಿತ್ತು. ಹನುಮಮ್ಮ ಕಣದಲ್ಲಿ ಸ್ಟೂಲಿನ ಮೇಲೆ ನಿಂತು ಮೊರದಿಂದ ಭತ್ತ ತೂರುತ್ತಿದ್ದಳು. ಜೊಳ್ಳೆಲ್ಲ ಗಾಳಿಗೆ ಹಾರಿ ದೂರ ಬೀಳುತ್ತಿತ್ತು. ಕಾಲ ಬಳಿ ಉಳಿಯುತ್ತಿದ್ದ ರಾಶಿ ಸಣ್ಣದು. ನನ್ನನ್ನು ಕಂಡು ಇಳಿದು ಬಂದು, ಕೂರಲು ಗೋಣಿ ಹಾಸಿ, ಮಜ್ಜಿಗೆ ತಂದುಕೊಟ್ಟಳು. ನಾನು ಹೇಗೆ ಶುರು ಮಾಡಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದೆ.

"ನೋಡ್ರಿ, ಅರ್ಧಕ್ಕರ್ಧ ಗಾಳಿ ಪಾಲು" ಎಂದಳು. "ನಾನು ಊರಾಗ ಇಲ್ದಾಗ್ಲೂ ಆ ಚೌಡಪ್ಪ ನನ್ನ ಗದ್ದೆ ಮಡಿಗೆ ನೀರು ತಪ್ಸಿದೋನಲ್ಲ. ಅವನನ್ನ ನಂಬ್ಕಂಡೇ ಮಗಳ ಮನೀಗೆ ಹೋಗಿದ್ದೆ. ಆಣೆ ಮಾಡ್ದ, ಹೌದು. ಮಾಡಿರ್ಲಿಕ್ಕಿಲ್ಲ ಅಂತ ಒಂದ್ಸಲ ಅನಸ್ತದೆ. ಮತ್ತೆ ಕೀಲಿ ಯಾಕೆ ಬಿಟ್ಟ ಅಂತ ಅನಸ್ತದೆ. ನೀವು ಓದಿದೋರು, ಯಂತ್ರ ನೋಡೋರು. ನೀವು ಏನಂದ್ರೆ ಅದನ್ನ ನಂಬ್ತೀನಿ. ಅವನೇ ಅಲ್ವಾ ಅಕ್ಕೋರೆ?"

ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ಕೂದಲಿನ ತುಂಬ ಹೊಟ್ಟು.

"ಇರಬಹುದು" ಎಂದೆ.

ಅವಳು ಲೋಟ ತೆಗೆದುಕೊಂಡು ಎದ್ದಳು, ಮತ್ತೆ ಸ್ಟೂಲು ಹತ್ತಿ ಮೊರ ಎತ್ತಿದಳು. ಸಂಜೆಯ ಹೊತ್ತಿಗೆ ಕೆರೆಯ ಎರಡೂ ಕಡೆ ಒಂದೇ ಮಾತು ಓಡಾಡುತ್ತಿತ್ತು. ಚೌಡಪ್ಪನೇ ಅಂತೆ, ಕಂಪ್ಯೂಟರ್ ಅಕ್ಕೋರೇ ಹೇಳಿದ್ರಂತೆ.